ಕ್ಯಾಮೆರಾ ನೋಡಿ ಕಂಪ್ಯೂಟರ್ ಕಟ್ಟಿಸಿ

ದಾಬಸ್‌ಪೇಟೆಯಂಥ ಊರಿನಲ್ಲಿ ಮದುವೆ ವಿಡಿಯೊ ಮಾಡುವ ಹುಡುಗರ ಕಂಪ್ಯೂಟರಿಗೆ ಎರಡು ಪಾಳಿ. ಹಗಲು ಮುಹೂರ್ತದ ದೃಶ್ಯಗಳನ್ನು ಕತ್ತರಿಸಿ ಜೋಡಿಸಬೇಕು, ರಾತ್ರಿ ಅದರಲ್ಲೇ ಗೇಮ್ ಓಡಬೇಕು. ಎರಡಕ್ಕೂ ಆಗುವಂಥದ್ದನ್ನು ಕಟ್ಟಿಸಲು ತುಮಕೂರು ರಸ್ತೆಯಲ್ಲಿ ಸುಮಾರು 50 ಕಿ.ಮೀ. ಬಸ್ಸಿನಲ್ಲಿ ಕೂತು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ, ಕೌಂಟರಿನಲ್ಲಿ ಮೊದಲು ಕೇಳುವುದು ‘ಬಜೆಟ್ ಎಷ್ಟು ಬಾಸ್?’, ಆಮೇಲೆ ‘ಯಾವ ಗ್ರಾಫಿಕ್ಸ್ ಕಾರ್ಡ್ ಹಾಕೋಣ?’. ನಿಮ್ಮ ಹತ್ತಿರ ಯಾವ ಕ್ಯಾಮೆರಾ ಇದೆ ಎಂದು ಕೇಳುವವರು ಕಡಿಮೆ. ನನ್ನ ಪ್ರಕಾರ ಲೆಕ್ಕ ಶುರುವಾಗಬೇಕಾದದ್ದೇ ಅಲ್ಲಿಂದ.

ಶಿವಗಂಗೆ ಬೆಟ್ಟದ ಹಿನ್ನೆಲೆಯಲ್ಲಿ ವಧೂವರರನ್ನು ನಿಲ್ಲಿಸಿ ತೆಗೆದ ಒಂದು 4ಕೆ ದೃಶ್ಯವನ್ನೇ ತೆಗೆದುಕೊಳ್ಳಿ. ಒಂದು ಫ್ರೇಮಿನಲ್ಲಿ ಅಡ್ಡಕ್ಕೆ 3840, ಮೇಲಿಂದ ಕೆಳಕ್ಕೆ 2160, ಒಟ್ಟು 83 ಲಕ್ಷದಷ್ಟು ಚುಕ್ಕಿಗಳು. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳ ‘10 ಬಿಟ್, 4:2:2’ ವಿಧಾನದಲ್ಲಿ ಪ್ರತಿ ಚುಕ್ಕಿಯ ಬೆಳಕನ್ನು 1024 ಹಂತಗಳಲ್ಲಿ ಅಳೆದು ಬರೆಯುತ್ತಾರೆ. ಬಣ್ಣವನ್ನು ಮಾತ್ರ ಅಕ್ಕಪಕ್ಕದ ಎರಡು ಚುಕ್ಕಿಗೆ ಒಂದೇ ಸಲ ಬರೆಯುತ್ತಾರೆ. ನಮ್ಮ ಕಣ್ಣಿಗೆ ಬೆಳಕಿನ ವ್ಯತ್ಯಾಸ ಕಂಡಷ್ಟು ಚೆನ್ನಾಗಿ ಬಣ್ಣದ ವ್ಯತ್ಯಾಸ ಕಾಣದು, ಅದಕ್ಕೇ ಈ ಉಳಿತಾಯ. ಇಷ್ಟು ಉಳಿಸಿದ ಮೇಲೂ ಫ್ರೇಮಿಗೆ 20 ಮೆಗಾಬೈಟ್ ಮೀರುತ್ತದೆ, ಸೆಕೆಂಡಿಗೆ 25 ಫ್ರೇಮ್ ಎಂದರೆ 500 ಮೆಗಾಬೈಟ್ ದಾಟುತ್ತದೆ. ಆದರೆ ಕ್ಯಾಮೆರಾ ಸೆಕೆಂಡಿಗೆ 140 ಮೆಗಾಬಿಟ್ ಲೆಕ್ಕದಲ್ಲಿ ಬರೆದರೆ ಮೆಮೊರಿ ಕಾರ್ಡಿಗೆ ಇಳಿಯುವುದು ಹದಿನೇಳೂವರೆ ಮೆಗಾಬೈಟ್ ಮಾತ್ರ. ಮೂವತ್ತಕ್ಕೆ ಒಂದು!

ಹಾಗೆ ಹಿಂಡುವ ಕೆಲಸ 2003ರ ಎಚ್.264 ಮತ್ತು 2013ರ ಎಚ್.265 ಎಂಬ ಸಂಕೇತ ಪದ್ಧತಿಗಳದು. ದಿನಸಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ ಇವು ಪೂರ್ತಿ ಬಾಕಿಯನ್ನು ಅಪರೂಪಕ್ಕೊಮ್ಮೆ ಬರೆದು, ನಡುವೆ ಬರೀ ಹೆಚ್ಚುಕಡಿಮೆಯನ್ನು ಗೀಚಿಡುತ್ತವೆ. ಮಾಂಗಲ್ಯಧಾರಣೆಯ ಒಂದು ಕ್ಷಣ ಬೇಕೆಂದು ನೀವು ಟೈಮ್‌ಲೈನಿನಲ್ಲಿ ಅಲ್ಲಿಗೆ ಹಾರಿದಾಗ ಕಂಪ್ಯೂಟರು ಹಿಂದಿನ ಪೂರ್ತಿ ಫ್ರೇಮ್ ಎಲ್ಲಿದೆ ಎಂದು ಹುಡುಕಿ, ಅಲ್ಲಿಂದ ಒಂದೊಂದೇ ಬದಲಾವಣೆ ಕೂಡಿಸಿಕೊಂಡು ಬರಬೇಕು. ಎಡಿಟಿಂಗಿನಲ್ಲಿ ಪರದೆ ಜಗ್ಗಿ ಜಗ್ಗಿ ಓಡುವುದು ಬಹುಪಾಲು ಇದರಿಂದಲೇ.

ಈ ಬಿಡಿಸುವ ಕೆಲಸಕ್ಕೆಂದೇ ಚಿಪ್ಪುಗಳ ಒಳಗೊಂದು ಸಣ್ಣ ಸರ್ಕ್ಯೂಟ್ ಇರುತ್ತದೆ. ಅದಕ್ಕೆ ನಿಮ್ಮ ಫೈಲಿನ ಬಗೆ ಬರುತ್ತದೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿದೆ. ಎನ್ವಿಡಿಯಾದ 24 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4090 ಹಿಂದಿನ ಸಾಲಿನ ರಾಜ. ಆದರೆ 4:2:2 ಫೈಲುಗಳನ್ನು ಬಿಡಿಸುವ ವಿದ್ಯೆ ಅದಕ್ಕೆ ಇರಲಿಲ್ಲ. ಅದು ಬಂದದ್ದು 2025ರ ಜನವರಿಯಲ್ಲಿ ಹೊರಟ 5000 ಸರಣಿಗೆ. ಇಂಟೆಲ್‌ನ ಸಾಧಾರಣ ಡೆಸ್ಕ್‌ಟಾಪ್ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್ ಎಚ್.265ರ 4:2:2 ಫೈಲನ್ನು 2021ರ 11ನೇ ಪೀಳಿಗೆಯಿಂದಲೇ ಬಿಡಿಸುತ್ತಿದೆ. ಅಂಗಡಿಯಲ್ಲಿ ಒಂದು ಎಚ್ಚರ: ಇಂಟೆಲ್ ಮಾಡೆಲ್ ಸಂಖ್ಯೆಯ ಕೊನೆಗೆ ‘ಎಫ್’ ಇದ್ದರೆ ಆ ಒಳಗಿನ ಗ್ರಾಫಿಕ್ಸೇ ಇಲ್ಲ ಎಂದರ್ಥ. ಬೆಲೆ ಸ್ವಲ್ಪ ಕಮ್ಮಿ ಎಂದು ಗೇಮರುಗಳು ಅದನ್ನೇ ಒಯ್ಯುತ್ತಾರೆ, ಎಡಿಟರ್ ಒಯ್ಯಬಾರದು. ಇದ್ಯಾವುದಕ್ಕೂ ಕಾಸಿಲ್ಲದಿದ್ದರೆ ‘ಪ್ರಾಕ್ಸಿ’ ಇದೆಯಲ್ಲ: ಫೈಲುಗಳ ಸಣ್ಣ, ಸುಲಭ ನಕಲು ಮಾಡಿಕೊಂಡು ಅದರಲ್ಲಿ ಎಡಿಟ್ ಮಾಡಿ ಕೊನೆಗೆ ಮೂಲಕ್ಕೆ ಹೊರಳುವುದು. ಹಳೇ ಕಂಪ್ಯೂಟರೇ ಇನ್ನೆರಡು ಮದುವೆ ಸೀಸನ್ ಬಾಳಿಕೆ ಬಂದೀತು.

ಗೇಮಿನ ಗುಣ ಬೇರೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೂ 16.7 ಮಿಲಿಸೆಕೆಂಡ್ ಮಾತ್ರ ಸಮಯ. ಮುಂದೇನಾಗುತ್ತದೆಂಬುದು ಆಡುವವನ ಬೆರಳಿನಲ್ಲಿದೆ, ಮೊದಲೇ ಸಿದ್ಧಮಾಡಿಡಲು ಬರುವುದಿಲ್ಲ. ಪ್ರೊಸೆಸರು ರ‍್ಯಾಮಿನಿಂದ ಒಂದು ಮಾಹಿತಿ ತರಿಸಿಕೊಳ್ಳಲು ತನ್ನೊಳಗಿನ ಕ್ಯಾಶ್ ಮೆಮೊರಿಗಿಂತ ಹಲವು ಪಟ್ಟು ಹೆಚ್ಚು ಕಾಯಬೇಕು. 2024ರ ನವೆಂಬರಿನಲ್ಲಿ ಬಂದ ಎಎಂಡಿಯ ರೈಜೆನ್ 7 9800ಎಕ್ಸ್3ಡಿ ಎಂಟೇ ಕೋರ್ ಇಟ್ಟುಕೊಂಡು ಗೇಮಿನಲ್ಲಿ ಹದಿನಾರು ಕೋರಿನ 9950ಎಕ್ಸ್ ಅನ್ನು ಹಿಂದಿಕ್ಕಿದ್ದು ಇದರಿಂದ: ಕೋರುಗಳ ಅಡಿಗೆ ಇನ್ನೊಂದು ಪದರ ಅಂಟಿಸಿ ಮೂರನೇ ಹಂತದ ಕ್ಯಾಶನ್ನು 96 ಮೆಗಾಬೈಟಿಗೆ ಏರಿಸಿದ್ದಾರೆ. ಆದರೆ ಮದುವೆ ವಿಡಿಯೊ ಎಕ್ಸ್‌ಪೋರ್ಟಿಗೆ ಹಾಕಿದಾಗ ಹದಿನಾರು ಕೋರಿನದೇ ಮುಂದು.

ರ‍್ಯಾಮ್ ಎರಡೇ ಕಡ್ಡಿ ಹಾಕಿ. ನಾಲ್ಕು ಹಾಕಿದರೆ ಈ ರೈಜೆನ್‌ಗಳಿಗೆ ಕಂಪನಿ ಹೇಳುವ ವೇಗ 5600ರಿಂದ 3600ಕ್ಕೆ ಇಳಿಯುತ್ತದೆ. ಎಸ್‌ಎಸ್‌ಡಿ ಡಬ್ಬದ ಮೇಲಿನ ‘7000’ ಎಂಬ ವೇಗದ ಅಂಕಿ ನೋಡಿ ಮರುಳಾಗಬೇಡಿ. ಅಗ್ಗದವು ನೂರಾರು ಜಿಬಿ ಒಟ್ಟಿಗೆ ತುಂಬುವಾಗ ಅರ್ಧದಾರಿಯಲ್ಲಿ ಏದುಸಿರು ಬಿಡುತ್ತವೆ.

ಜಿಪುಣತನ ಮಾಡಲೇಬಾರದ ಭಾಗ ಎಂದರೆ ಕಂಪ್ಯೂಟರಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್. ಆರ್‌ಟಿಎಕ್ಸ್ 5090 ಒಂದೇ 575 ವಾಟ್ ಎಳೆಯಬಲ್ಲದು. ಅದಕ್ಕೆ ಬರುವುದು 12 ವೋಲ್ಟ್. ಭಾಗಿಸಿದರೆ 48 ಆಂಪಿಯರ್. ಅಷ್ಟೂ ಕರೆಂಟು ಬೆರಳಗಲದ ಒಂದು ಪ್ಲಗ್ಗಿನ ಆರು ಪಿನ್ನುಗಳಲ್ಲಿ ಹಂಚಿಕೊಂಡು ಹರಿಯಬೇಕು, ಪಿನ್ನಿಗೆ 8 ಆಂಪಿಯರ್. ಪಿನ್ನು ತಾಳುವುದು ಒಂಬತ್ತೂವರೆಯಷ್ಟೆ. ಪ್ಲಗ್ಗು ಪೂರ್ತಿ ಕೂರದೆ ಸಂಪರ್ಕ ಕೆಟ್ಟರೆ ಉಳಿದ ಪಿನ್ನುಗಳ ಮೇಲೆ ಭಾರ ಬಿದ್ದು ಪ್ಲಾಸ್ಟಿಕ್ ಕರಗುತ್ತದೆ. 2022ರ ಅಕ್ಟೋಬರಿನಲ್ಲಿ 4090 ಬಂದ ಹೊಸದರಲ್ಲೇ ಅಂಥ ಸುಟ್ಟ ಪ್ಲಗ್ಗುಗಳ ಚಿತ್ರಗಳು ಲೋಕವೆಲ್ಲ ಓಡಾಡಿದವು. ‘ಟಕ್’ ಎನ್ನುವವರೆಗೆ ಒತ್ತಿ, ಕೇಬಲನ್ನು ಪ್ಲಗ್ಗಿನ ಬುಡದಲ್ಲೇ ಬಗ್ಗಿಸಬೇಡಿ.

ದೂಳಿನ ಮಾತೂ ಇದೆ. ಹೆದ್ದಾರಿ 48ರಿಂದ ದೊಡ್ಡಬಳ್ಳಾಪುರದ ಕಡೆಗೆ 648 ಒಡೆಯುವ ಜಾಗ ದಾಬಸ್‌ಪೇಟೆ, ಪಕ್ಕದಲ್ಲೇ ಸೋಂಪುರ ಕೈಗಾರಿಕಾ ಪ್ರದೇಶ. ಗಾಜಿನ ಕ್ಯಾಬಿನೆಟ್ಟಿನ ದೀಪಾಲಂಕಾರಕ್ಕಿಂತ ಮುಂಭಾಗದಲ್ಲಿ ತೊಳೆಯಲು ಬರುವ ಜಾಲರಿ ಇದೆಯೇ ನೋಡಿ. ಗಾಳಿ ಹೊರಹಾಕುವ ಫ್ಯಾನಿಗಿಂತ ಒಳತರುವ ಫ್ಯಾನ್ ಹೆಚ್ಚಿದ್ದರೆ ಸಂದಿಗೊಂದಿಗಳಿಂದ ಗಾಳಿ ಹೊರಗೆ ಸೋರುತ್ತದೆ, ದೂಳು ಒಳಗೆ ನುಗ್ಗುವುದು ಕಡಿಮೆ.

ಇನ್ನು ಕರೆಂಟು ಹೋದಾಗಿನ ಕಥೆ. ಒಳ್ಳೆಯ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ಕೂಡಿಟ್ಟುಕೊಂಡ ಶಕ್ತಿಯಿಂದ ಸುಮಾರು 17 ಮಿಲಿಸೆಕೆಂಡ್ ಕಂಪ್ಯೂಟರನ್ನು ಹಿಡಿದು ನಿಲ್ಲಿಸುತ್ತದೆ, ಪೂರ್ತಿ ಹೊರೆಯಲ್ಲಿ ಇನ್ನೂ ಕಡಿಮೆ. ನಮ್ಮ ಕರೆಂಟಿನ ಒಂದು ಅಲೆಯ ಅವಧಿಯೇ 20 ಮಿಲಿಸೆಕೆಂಡ್. ಮನೆಯ ಇನ್ವರ್ಟರು ‘ನಾರ್ಮಲ್’ನಲ್ಲಿದ್ದರೆ ಬ್ಯಾಟರಿಗೆ ಹೊರಳಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು, ಫ್ಯಾನು, ಬಲ್ಬುಗಳಿಗೆ ಗೊತ್ತೇ ಆಗದು, ಕಂಪ್ಯೂಟರು ಮಾತ್ರ ಆರಿ ಹೊತ್ತಿಕೊಳ್ಳುತ್ತದೆ. ಬಹುತೇಕ ಇನ್ವರ್ಟರುಗಳಲ್ಲಿ ‘ಯುಪಿಎಸ್’ ಎಂಬ ಇನ್ನೊಂದು ಆಯ್ಕೆಯ ಸ್ವಿಚ್ ಇರುತ್ತದೆ, ಅದಕ್ಕೆ ಬದಲಿಸಿ. ಆದರೂ 900 ವಿಎ ಇನ್ವರ್ಟರಿಗೆ ಇಡೀ ಮನೆಯ ಜೊತೆ 5090 ಇರುವ ಕಂಪ್ಯೂಟರನ್ನೂ ಹೊರುವ ತಾಕತ್ತಿಲ್ಲ. ರಾತ್ರಿ ಎಕ್ಸ್‌ಪೋರ್ಟ್ ಹಾಕಿ ಮಲಗುವ ಅಭ್ಯಾಸವಿದ್ದವರು ಕಂಪ್ಯೂಟರಿಗೆಂದೇ ಸೈನ್ ವೇವ್ ಯುಪಿಎಸ್ ಒಂದನ್ನು ಬಜೆಟ್ಟಿನಲ್ಲಿ ಸೇರಿಸಿಕೊಂಡೇ ಎಸ್.ಪಿ. ರಸ್ತೆಗೆ ಹೊರಡಲಿ, ಅದಕ್ಕಾಗಿ ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಇಳಿಸಬೇಕಾದರೂ ಸರಿ.