ಡಬ್ಬಿಗೆ ಹಾಕುವ ಮುನ್ನ ಪ್ಯಾಕೆಟ್ ತಿರುಗಿಸಿ

ಅಂಗಡಿಯಲ್ಲಿ ರಾಗಿ ಬಿಸ್ಕತ್ತಿನ ಪ್ಯಾಕೆಟ್ ಕಂಡರೆ ಅಪ್ಪ ಅಮ್ಮಂದಿರ ಕೈ ತಾನಾಗಿ ಅತ್ತ ಹೋಗುತ್ತದೆ. ಮೇಲೆ ತುಂಬಿದ ತೆನೆಯ ಚಿತ್ರ, ಸುತ್ತ ಹಸಿರು ಬಣ್ಣ. ಶಾರ್ಟ್ ಬ್ರೇಕ್ ಡಬ್ಬಿಗೆ ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಅನ್ನಿಸುವುದು ಸಹಜ. ಅದೇ ಪ್ಯಾಕೆಟ್ ತಿರುಗಿಸಿ ಓದಿದರೆ ಎಷ್ಟೋ ಸಲ ಮೊದಲು ಸಿಗುವುದು ಮೈದಾ. ಬೆನ್ನಿಗೇ ಸಕ್ಕರೆ, ತಾಳೆ ಎಣ್ಣೆ. ರಾಗಿಯ ಸರದಿ ಆಮೇಲೆ.

ಈ ಸರದಿ ಸುಮ್ಮನೆ ಬಂದದ್ದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಂತೆ, ಯಾವುದು ಹೆಚ್ಚಿದೆಯೋ ಅದರ ಹೆಸರು ಪಟ್ಟಿಯಲ್ಲಿ ಮೊದಲು ಬರಬೇಕು. ಚಿತ್ರ ಹಾಕಿ ಮೆರೆಸಿದ ಪದಾರ್ಥ ಶೇಕಡಾ ಎಷ್ಟಿದೆ ಎಂದೂ ಬರೆಯಬೇಕು. ಮೊದಲ ಮೂರು ಹೆಸರು ಓದಿದರೆ ತಿಂಡಿಯ ಜಾತಕ ಬಹುಮಟ್ಟಿಗೆ ತಿಳಿಯುತ್ತದೆ. ತೊಡಕೆಂದರೆ ಅಕ್ಷರ ಸಣ್ಣದು, ಭಾಷೆ ಹೆಚ್ಚಾಗಿ ಇಂಗ್ಲಿಷ್. ಮೈದಾ ಅಲ್ಲಿ ‘ರಿಫೈನ್ಡ್ ವೀಟ್ ಫ್ಲೋರ್’ ಆಗಿರುತ್ತದೆ. ಸಕ್ಕರೆ ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್ ಎಂದು ಹಂಚಿಹೋಗಿ, ಒಂದೊಂದು ಹೆಸರೂ ಪಟ್ಟಿಯಲ್ಲಿ ಕೆಳಗಿಳಿದಿರುತ್ತದೆ. ಒಟ್ಟು ಲೆಕ್ಕ ಬೇಕಿದ್ದರೆ ಪೋಷಕಾಂಶಗಳ ಕೋಷ್ಟಕದಲ್ಲಿ ‘ಆ್ಯಡೆಡ್ ಶುಗರ್’ ಎಂಬ ಸಾಲು ನೋಡಬೇಕು.

ಆ ಅಂಕಿ ಸಾಮಾನ್ಯವಾಗಿ 100 ಗ್ರಾಂ ಅಥವಾ 100 ಮಿಲಿಲೀಟರಿಗೆ ಇರುತ್ತದೆ. ಮಗು ಮುಗಿಸುವುದು ಇಡೀ ಪ್ಯಾಕೆಟ್. 100 ಮಿಲಿಲೀಟರಿಗೆ 12 ಗ್ರಾಂ ಸಕ್ಕರೆಯಿರುವ ಜ್ಯೂಸಿನ 200 ಮಿಲಿಲೀಟರ್ ಪೊಟ್ಟಣದಲ್ಲಿ ಇರುವುದು 24 ಗ್ರಾಂ, ಅಂದರೆ ಸುಮಾರು ಆರು ಟೀ ಚಮಚ. ದಿನದ ಒಟ್ಟು ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇ 10 ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಣ್ಣಿನ ರಸದ ಸಕ್ಕರೆಯೂ ಈ ಲೆಕ್ಕಕ್ಕೆ ಸೇರುತ್ತದೆ. ದಿನಕ್ಕೆ 1,500 ಕಿಲೊಕ್ಯಾಲರಿ ಬೇಕಾದ ಮಗುವಿಗೆ ಆ ಮಿತಿ ಸುಮಾರು 37 ಗ್ರಾಂ. ಬೆಳಗಿನ ಹಾಲಿಗೆ ಬೆರೆಸಿದ್ದು, ಸಂಜೆಯ ಬಿಸ್ಕತ್ತು ಇನ್ನೂ ಬಾಕಿಯೇ ಇವೆ. ಸಾಂದ್ರ ರಸಕ್ಕೆ ನೀರು ಬೆರೆಸಿ ತಯಾರಿಸಿದ ಪಾನೀಯದ ಮೇಲಿನ ‘ಶೇ 100 ಹಣ್ಣಿನ ರಸ’ ಎಂಬ ಮಾತನ್ನು ತೆಗೆಯುವಂತೆ ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲಿ ಸೂಚಿಸಿತು.

ಲೇಬಲ್ ಓದುವ ಮಾತು ಮನೆಮನೆಗೆ ಬಂದದ್ದು 2023ರ ಏಪ್ರಿಲ್‌ನಲ್ಲಿ. ಬೋರ್ನ್‌ವೀಟಾದಲ್ಲಿರುವ ಸಕ್ಕರೆಯ ಬಗ್ಗೆ ಸಾಮಾಜಿಕ ಜಾಲತಾಣದ ಇನ್‌ಫ್ಲುಯೆನ್ಸರ್ ರೇವಂತ್ ಹಿಮತ್‌ಸಿಂಗ್ಕಾ ಮಾಡಿದ ವಿಡಿಯೊ ಹರಡಿತು. ಕಂಪನಿಯ ಕಾನೂನು ನೋಟಿಸ್ ಬಂದ ಮೇಲೆ ಅವರು ಅದನ್ನು ತೆಗೆದರು. ಆದರೆ ಚರ್ಚೆ ನಿಲ್ಲಲಿಲ್ಲ. ಮರುವರ್ಷ ಕೇಂದ್ರ ಸರ್ಕಾರವೇ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಹೇಳಿತು. ಕಾನೂನಿನಲ್ಲಿ ಆ ಹೆಸರಿಗೆ ವ್ಯಾಖ್ಯಾನವೇ ಇರಲಿಲ್ಲ.

ಹಾಗಾದರೆ ಡಬ್ಬಿಗೆ ಏನು ಹಾಕುವುದು? ಬೆಳಗ್ಗೆ ಏಳಕ್ಕೆ ಶಾಲೆಯ ವ್ಯಾನ್ ಬರುವ ಮನೆಯಲ್ಲಿ ಪ್ಯಾಕೆಟ್ ಬೇಡವೇ ಬೇಡ ಎನ್ನುವುದು ನ್ಯಾಯವಲ್ಲ. ಹುರಿದ ಕಡಲೆ, ಶೇಂಗಾ, ಮಖಾನಾ, ಖರ್ಜೂರ ಕೂಡ ಪ್ಯಾಕೆಟ್ಟಿನಲ್ಲೇ ಸಿಗುತ್ತವೆ. ಅವುಗಳ ಪದಾರ್ಥಪಟ್ಟಿ ಒಂದೆರಡು ಸಾಲಿಗೆ ಮುಗಿಯಬೇಕು. ಮಸಾಲೆ ಹಾಕಿದ್ದಾದರೆ ಸೋಡಿಯಂ ನೋಡಿ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ಎಲ್‌ಕೆಜಿ ವಯಸ್ಸಿನ ಮಕ್ಕಳಿಗೆ ಮಾತ್ರ ಇಡಿ ಶೇಂಗಾ, ಕಡಲೆ ಕೊಡಬಾರದು. ಗಂಟಲಿಗೆ ಸಿಕ್ಕಿದರೆ ಜೀವಕ್ಕೇ ಅಪಾಯ. ತರಗತಿಯಲ್ಲಿ ಶೇಂಗಾ ಅಲರ್ಜಿಯಿರುವ ಮಗು ಇದೆಯೇ ಎಂದೂ ಶಿಕ್ಷಕಿಯನ್ನು ಕೇಳಿಕೊಳ್ಳಬೇಕು.

ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯೊಳಗೆ, ಗೇಟಿನಿಂದ 50 ಮೀಟರ್ ವ್ಯಾಪ್ತಿಯಲ್ಲಿ ಮಾರಬಾರದು ಎಂಬ ನಿಯಮ 2020ರದು. ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’ ಹಾಕಲು ಹೇಳಿತು. ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಎಂದು ಮಕ್ಕಳೇ ಓದಲಿ ಎಂಬ ಉದ್ದೇಶ. ಇದು ಮನೆಯಲ್ಲೂ ಆಗುವ ಕೆಲಸ. ಗುಣಾಕಾರ ಬಲ್ಲ ನಾಲ್ಕನೇ ಕ್ಲಾಸಿನ ಮಗುವಿನ ಕೈಗೆ ಅಂಗಡಿಯಲ್ಲೇ ಪ್ಯಾಕೆಟ್ ಕೊಟ್ಟು, ಎಷ್ಟು ಚಮಚ ಸಕ್ಕರೆಯಾಯಿತು ಎಂದು ಲೆಕ್ಕ ಹಾಕಿಸಬಹುದು. ನಾಲ್ಕು ಗ್ರಾಂಗೆ ಒಂದು ಚಮಚ.