ಮೂವತ್ನಾಲ್ಕರಲ್ಲಿ ಮೊದಲ ಗ್ರ್ಯಾನ್‌ಸ್ಲಾಮ್ ಟ್ರೋಫಿ

2023ರ ಯುಎಸ್ ಓಪನ್ ಪುರುಷರ ಡಬಲ್ಸ್ ಫೈನಲ್. ನೆಟ್‌ನ ಒಂದು ಕಡೆ ನಮ್ಮ ಕೊಡಗಿನ ರೋಹನ್ ಬೋಪಣ್ಣ, ಇನ್ನೊಂದು ಕಡೆ ಅಮೆರಿಕದ ರಾಜೀವ್ ರಾಮ್. ರಾಮ್ ಅವರ ಅಪ್ಪ-ಅಮ್ಮ ಬೆಂಗಳೂರಿನಿಂದ ವಲಸೆ ಹೋದವರು. ಗೆದ್ದದ್ದು ರಾಮ್-ಜೋ ಸಾಲಿಸ್‌ಬರಿ ಜೋಡಿ, ಅದೂ ಸತತ ಮೂರನೇ ವರ್ಷ.

ಈ ಎತ್ತರ ಬೇಗ ಸಿಕ್ಕಿದ್ದಲ್ಲ. 1984ರಲ್ಲಿ ಡೆನ್ವರ್‌ನಲ್ಲಿ ಹುಟ್ಟಿದ ರಾಮ್ ವೃತ್ತಿಪರ ಟೆನಿಸ್‌ಗೆ ಇಳಿದದ್ದು 2004ರಲ್ಲಿ. ಮೊದಲ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ ಬಂದದ್ದು 2019ರಲ್ಲಿ, ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ. ಆಗ ವಯಸ್ಸು 34. ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದಾಗ 38.

ಧಾರವಾಡದಲ್ಲಿ ಬಿಇ ಓದುವ ನನಗೆ ಇಪ್ಪತ್ತು. ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಆಯ್ಕೆಯಾಗದ ದಿನ ಎಲ್ಲ ಮುಗಿದೇಹೋಯಿತು ಅಂದುಕೊಂಡಿದ್ದೆ. 'ಬಾಜೂ ಮನಿ ಹುಡುಗ ಕೆಲಸಕ್ಕ ಸೇರ್ಯಾನ' ಎಂಬ ಮಾತು ಬೇರೆ. ರಾಮ್ ಹದಿನೈದು ವರ್ಷ ಆಡಿ ಕಾದರು. ನಾನು ಸೋತದ್ದು ಒಂದೇ ಒಂದು ಸಂದರ್ಶನ.