ಗಾಲ್ಫ್ ಚೆಂಡು ನಲವತ್ತೈದು ಡಿಗ್ರಿಯನ್ನು ಏಕೆ ಒಲ್ಲದು?

ಸಮತಲವಾದ ನೆಲದ ಮೇಲೆ ನಿಂತು ಒಂದು ವಸ್ತುವನ್ನು ಗೊತ್ತಾದ ವೇಗದಿಂದ ಎಸೆಯುತ್ತೇವೆ. ಅದು ಅತ್ಯಂತ ದೂರ ಹೋಗಿ ಬೀಳಬೇಕಾದರೆ ನೆಲದೊಡನೆ ಎಷ್ಟು ಕೋನ ಮಾಡುವಂತೆ ಎಸೆಯಬೇಕು? ಭೌತವಿಜ್ಞಾನದ ಮೊದಲ ಪಾಠಗಳನ್ನು ಓದಿದ ಯಾವ ವಿದ್ಯಾರ್ಥಿಯೇ ಆಗಲಿ, ಈ ಪ್ರಶ್ನೆಗೆ '45 ಡಿಗ್ರಿ' ಎಂದು ತಡವರಿಸದೆ ಉತ್ತರ ಕೊಡುವನು. ಎಸೆದ ವಸ್ತು ಪರವಲಯದ ಹಾದಿಯಲ್ಲಿ ಚಲಿಸುವುದೆಂದೂ, ಅದು ಕ್ರಮಿಸುವ ದೂರ ವೇಗದ ವರ್ಗವನ್ನೂ ಪ್ರಕ್ಷೇಪಕೋನದ ಎರಡರಷ್ಟರ ಸೈನನ್ನೂ ಅವಲಂಬಿಸಿರುವುದೆಂದೂ ಅವನು ಬಲ್ಲನು.

ಈಗ ಗಾಲ್ಫ್ ಮೈದಾನದ ಕಡೆಗೆ ನೋಡೋಣ. ಆಟಗಾರನು ಟೀ ಎಂಬ ಸಣ್ಣ ಗೂಟದ ಮೇಲೆ ಚೆಂಡನ್ನಿಟ್ಟು, ಡ್ರೈವರ್ ಎಂಬ ಉದ್ದ ಹಿಡಿಯ ಕ್ಲಬ್ಬಿನಿಂದ ಬೀಸಿ ಹೊಡೆಯುತ್ತಾನೆ. ಈ ಹೊಡೆತದಲ್ಲಿ ಅವನಿಗೆ ಬೇಕಾದುದು ಮುಖ್ಯವಾಗಿ ದೂರ. ಹಾಗಿರುವಾಗ ಚೆಂಡು 45 ಡಿಗ್ರಿಯಲ್ಲಿ ಮೇಲೇರಬೇಕಷ್ಟೆ? ಆದರೆ ಅಮೆರಿಕದ ವೃತ್ತಿಪರ ಪುರುಷ ಆಟಗಾರರ ಹೊಡೆತಗಳನ್ನು ಟ್ರ್ಯಾಕ್‌ಮನ್ ಎಂಬ ರಾಡಾರ್ ಉಪಕರಣದಿಂದ ಅಳೆದು 2010ರ ದಶಕದಲ್ಲಿ ಪ್ರಕಟಿಸಿದ ಸರಾಸರಿಗಳಂತೆ, ಚೆಂಡು ಹೊರಡುವ ಕೋನ ಸುಮಾರು 11 ಡಿಗ್ರಿ ಮಾತ್ರ! ಡ್ರೈವರಿನ ಮುಖದ ಓರೆಯೂ ಸಾಮಾನ್ಯವಾಗಿ 8ರಿಂದ 12 ಡಿಗ್ರಿಗಳೊಳಗೆ ಇರುವುದು. ಪಠ್ಯಪುಸ್ತಕ ತಪ್ಪೇ, ಅಥವಾ ಆಟವೇ ವೃತ್ತಿಯಾಗಿರುವ ಈ ನಿಪುಣರು ತಪ್ಪೇ?

ಇಬ್ಬರದೂ ತಪ್ಪಲ್ಲ. 45 ಡಿಗ್ರಿಯ ನಿಯಮದೊಳಗೆ ಎರಡು ಷರತ್ತುಗಳು ಅಡಗಿವೆ. ಒಂದು, ವಸ್ತು ಚಲಿಸುವೆಡೆ ಗಾಳಿ ಇರಕೂಡದು. ಎರಡು, ಯಾವ ಕೋನದಲ್ಲಿ ಎಸೆದರೂ ಎಸೆತದ ವೇಗ ಒಂದೇ ಆಗಿರಬೇಕು. ಗಾಲ್ಫ್ ಆಟದಲ್ಲಿ ಈ ಎರಡು ಷರತ್ತುಗಳೂ ಮುರಿದುಬೀಳುತ್ತವೆ. ಅದು ಹೇಗೆಂಬುದನ್ನು ಒಂದೊಂದಾಗಿ ವಿಚಾರಿಸೋಣ.

ಲೆಕ್ಕ ಮತ್ತು ಅಳತೆ

ಮೇಲೆ ಹೇಳಿದ ಸರಾಸರಿಗಳಲ್ಲಿ ಚೆಂಡಿನ ವೇಗ ಸೆಕೆಂಡಿಗೆ ಸುಮಾರು 74.7 ಮೀಟರ್, ಪ್ರಕ್ಷೇಪಕೋನ 10.9 ಡಿಗ್ರಿ. ಗಾಳಿಯೇ ಇಲ್ಲವೆಂದು ಭಾವಿಸಿ ಪಠ್ಯಪುಸ್ತಕದ ಸೂತ್ರಗಳನ್ನು ಬಳಸಿದರೆ, ಚೆಂಡು 10 ಮೀಟರ್ ಎತ್ತರಕ್ಕೇರಿ, ಮೂರು ಸೆಕೆಂಡು ತುಂಬುವುದರೊಳಗಾಗಿ 211 ಮೀಟರ್ ದೂರದಲ್ಲಿ ಬೀಳಬೇಕು. ಆದರೆ ಅಳತೆಯಿಂದ ದೊರೆತದ್ದೇನು? ಎತ್ತರ ಸುಮಾರು 29 ಮೀಟರ್. ಆಕಾಶದಲ್ಲಿದ್ದ ಕಾಲ ಆರು ಸೆಕೆಂಡುಗಳಿಗೂ ಹೆಚ್ಚು. ಬಿದ್ದ ದೂರ ಸುಮಾರು 251 ಮೀಟರ್.

ಗಾಳಿ ಚಲನೆಯನ್ನು ತಡೆಯುವುದೆಂದು ನಾವೆಲ್ಲ ಬಲ್ಲೆವು. ಹೀಗಿದ್ದೂ ಇಲ್ಲಿ ಚೆಂಡು ಶೂನ್ಯಪ್ರದೇಶದಲ್ಲಿ ಹೋಗಬಹುದಾದುದಕ್ಕಿಂತ 40 ಮೀಟರ್ ಮುಂದೆ ಹೋಗಿದೆ! ಹೊರಟ ಕ್ಷಣದಲ್ಲಿ ಈ ಚೆಂಡಿನ ಮೇಲೆ ವರ್ತಿಸುವ ವಾಯುರೋಧ ಅದರ ತೂಕದ ಎರಡೂವರೆಯಷ್ಟು ಇರುವುದೆಂಬುದನ್ನು ನೆನೆದರೆ ಆಶ್ಚರ್ಯ ಇನ್ನೂ ಹೆಚ್ಚುವುದು. ಒಂದು ಕೈಯಿಂದ ಇಷ್ಟೊಂದು ಕಸಿದುಕೊಳ್ಳುವ ಗಾಳಿ ಮತ್ತೊಂದು ಕೈಯಿಂದ ಏನನ್ನೋ ಕೊಡುತ್ತಿರಲೇಬೇಕು.

ಟೇಟರ ಶೋಧನೆ

ಈ 'ಏನನ್ನೋ' ಎಂಬುದು ಯಾವುದೆಂದು ಗಾಲ್ಫ್ ಚೆಂಡಿನ ವಿಷಯದಲ್ಲಿ ಮೊದಲು ಕಂಡುಕೊಂಡವರು ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಪೀಟರ್ ಗತ್ರಿ ಟೇಟ್. ಅವರು ಗಾಲ್ಫ್ ಆಟದಲ್ಲಿ ಅತ್ಯಾಸಕ್ತರು. ಅವರ ಮಗ ಫ್ರೆಡ್ಡಿ ಟೇಟ್ 1896ರಲ್ಲಿಯೂ 1898ರಲ್ಲಿಯೂ ಬ್ರಿಟಿಷ್ ಅಮೆಚೂರ್ ಚಾಂಪಿಯನ್ ಪದವಿಯನ್ನು ಗೆದ್ದವನು. ತಂದೆ 1890ರ ದಶಕದಲ್ಲಿ ಚೆಂಡಿನ ಹಾದಿಯನ್ನು ಗಣಿತದಿಂದ ಬಿಡಿಸಲು ಹೊರಟಾಗ, ಚೆಂಡು ಆಕಾಶದಲ್ಲಿ ಅಷ್ಟು ಹೊತ್ತು ನಿಲ್ಲುವುದು ಅವರಿಗೆ ದೊಡ್ಡ ಒಗಟಾಯಿತು. ಗುರುತ್ವ ಮತ್ತು ವಾಯುರೋಧ ಇವೆರಡರಿಂದಲೇ ಆ ಕಾಲಾವಧಿಯನ್ನು ವಿವರಿಸಲು ಸಾಧ್ಯವಾಗಲಿಲ್ಲ. ಕೊನೆಗೆ, ಚೆಂಡು ತನ್ನ ಸುತ್ತ ತಾನು ಹಿಮ್ಮುಖವಾಗಿ ತಿರುಗುತ್ತ ಹೋಗುವುದೇ ಇದಕ್ಕೆ ಕಾರಣವೆಂದು ಅವರು ನಿರ್ಧರಿಸಿದರು.

ಇದನ್ನು ಅವರು ಪರೀಕ್ಷಿಸಿ ನೋಡಿದ ಬಗೆ ಬಹು ಸರಳವಾದುದು. ತಿರುಚಿಲ್ಲದ ಉದ್ದನೆಯ ಪಟ್ಟಿಯೊಂದರ ಒಂದು ತುದಿಯನ್ನು ಚೆಂಡಿಗೂ ಮತ್ತೊಂದನ್ನು ನೆಲಕ್ಕೂ ಬಿಗಿದು, ಹತ್ತಿರದಲ್ಲಿದ್ದ ಜೇಡಿಮಣ್ಣಿನ ಗೋಡೆಗೆ ಚೆಂಡು ನಾಟುವಂತೆ ಹೊಡೆಸಿದರು. ಪಟ್ಟಿಯಲ್ಲಿ ಬಿದ್ದ ತಿರುಚುಗಳನ್ನು ಎಣಿಸಿದರೆ ಚೆಂಡು ಎಷ್ಟು ಸುತ್ತು ತಿರುಗಿತೆಂಬುದು ತಿಳಿಯುತ್ತಿತ್ತು! ಇಂದಿನ ರಾಡಾರುಗಳು ತೋರಿಸುವಂತೆ ನಿಪುಣರ ಡ್ರೈವರ್ ಹೊಡೆತದಲ್ಲಿ ಚೆಂಡು ನಿಮಿಷಕ್ಕೆ ಸುಮಾರು 2,700 ಸುತ್ತು, ಎಂದರೆ ಸೆಕೆಂಡಿಗೆ 45 ಸುತ್ತು, ತಿರುಗುತ್ತಿರುತ್ತದೆ.

ತಿರುಗುವ ಚೆಂಡು ಪಕ್ಕಕ್ಕೆ ಬಾಗುವುದನ್ನು ನ್ಯೂಟನ್ 1672ರಲ್ಲಿಯೇ ಟೆನಿಸ್ ಚೆಂಡಿನ ಸಂಬಂಧದಲ್ಲಿ ಹೇಳಿದ್ದನು. ಜರ್ಮನಿಯ ಮ್ಯಾಗ್ನಸ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇದರ ಮೇಲೆ ಪ್ರಯೋಗಗಳನ್ನು ನಡೆಸಿದ್ದರಿಂದ ಈ ಪರಿಣಾಮಕ್ಕೆ ಅವನ ಹೆಸರೇ ನಿಂತಿದೆ. ಇದರ ತಿರುಳು ಇಷ್ಟು. ಹಿಮ್ಮುಖ ಭ್ರಮಣವುಳ್ಳ ಚೆಂಡಿನ ಮೇಲ್ಭಾಗ ಎದುರಿನಿಂದ ಬರುವ ಗಾಳಿಯೊಡನೆಯೇ ಹಿಂದಕ್ಕೆ ಸರಿಯುತ್ತದೆ. ಕೆಳಭಾಗ ಗಾಳಿಗೆ ಇದಿರಾಗಿ ಮುಂದಕ್ಕೆ ಸರಿಯುತ್ತದೆ. ಆದುದರಿಂದ ಮೇಲಿನ ಗಾಳಿ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡು ಹರಿಯುತ್ತದೆ, ಕೆಳಗಿನದು ಬೇಗ ಬಿಟ್ಟುಹೋಗುತ್ತದೆ. ಹೀಗೆ ಚೆಂಡನ್ನು ದಾಟಿದ ಗಾಳಿ ಒಟ್ಟಿನಲ್ಲಿ ಕೆಳಮುಖವಾಗಿ ಬಾಗುವುದು. ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿ ಚೆಂಡನ್ನು ಮೇಲಕ್ಕೆ ತಳ್ಳಲೇಬೇಕು. ಈ ಎತ್ತುವ ಬಲ ವೃತ್ತಿಪರರ ಹೊಡೆತದ ಆರಂಭದಲ್ಲಿ ಚೆಂಡಿನ ತೂಕದ ಸುಮಾರು ಒಂದೂವರೆಯಷ್ಟಿರುತ್ತದೆ. ತೂಕಕ್ಕಿಂತ ಮಿಗಿಲಾದ ಬಲ ಮೇಲಕ್ಕೆತ್ತುತ್ತಿರುವಾಗ ಹಾದಿ ಕೆಳಕ್ಕೆ ಬಾಗುವ ಬದಲು ಮೇಲಕ್ಕೆ ಬಾಗುವುದು ಸಹಜ.

ಗಾಲ್ಫ್ ಚೆಂಡಿನ ಮೈಮೇಲಿರುವ ಗುಳಿಗಳೂ ಅಲಂಕಾರಕ್ಕಾಗಿ ಇರುವುವಲ್ಲ. ಅವು ಚೆಂಡಿಗೆ ಅಂಟಿದ ಗಾಳಿಯ ತೆಳುಪದರವನ್ನು ಕಲಕಿ, ಅದು ಹಿಂಭಾಗದವರೆಗೂ ಚೆಂಡನ್ನು ಬಿಡದೆ ಹರಿಯುವಂತೆ ಮಾಡುತ್ತವೆ. ಇದರಿಂದ ವಾಯುರೋಧ, ನುಣುಪಾದ ಚೆಂಡಿಗಿರುವುದರ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಓರೆಯ ಬೆಲೆ

ಎತ್ತುವ ಕೆಲಸವನ್ನು ಗಾಳಿಯೇ ಮಾಡಿಕೊಡುವುದರಿಂದ ಚೆಂಡನ್ನು ತಗ್ಗಿನ ಕೋನದಲ್ಲಿ ಕಳಿಸಿದರೂ ಸಾಕೆಂಬುದು ಇದರಿಂದ ತಿಳಿಯಿತು. ಹಾಗಾದರೆ ಇನ್ನೂ ಓರೆಯಾದ ಮುಖವುಳ್ಳ ಕ್ಲಬ್ಬಿನಿಂದ ಹೊಡೆದರೆ ದೂರ ಮತ್ತಷ್ಟು ಹೆಚ್ಚಬಾರದೇಕೆ? ಇಲ್ಲಿ ಎರಡನೆಯ ಷರತ್ತು ಅಡ್ಡ ಬರುತ್ತದೆ.

ಕ್ಲಬ್ಬಿನ ಮುಖ ಲಂಬದಿಂದ ಹಿಂದಕ್ಕೆ ವಾಲಿರುವ ಕೋನಕ್ಕೆ ಲಾಫ್ಟ್ ಎಂದು ಹೆಸರು. ವಾಲಿದ ಮುಖ ಚೆಂಡಿಗೆ ತಗುಲಿದಾಗ ಪೆಟ್ಟಿನ ಒಂದು ಭಾಗ ಮುಖಕ್ಕೆ ಲಂಬವಾಗಿ ಚೆಂಡನ್ನು ಮುಂದೂಡುತ್ತದೆ. ಇನ್ನೊಂದು ಭಾಗ ಮುಖದ ಉದ್ದಕ್ಕೂ ಉಜ್ಜಿ ಚೆಂಡನ್ನು ತಿರುಗಿಸುತ್ತದೆ. ಕ್ಲಬ್ಬಿಗೂ ಚೆಂಡಿಗೂ ಸಂಪರ್ಕವಿರುವ ಕಾಲ ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು ಮಾತ್ರ. ಅಷ್ಟರಲ್ಲೇ ವೇಗ, ಕೋನ, ಭ್ರಮಣ ಮೂರೂ ನಿಶ್ಚಯವಾಗಿಹೋಗುತ್ತವೆ. ಮುಖ ಹೆಚ್ಚು ಓರೆಯಾದಷ್ಟೂ ಉಜ್ಜುವ ಭಾಗ ಹೆಚ್ಚಿ, ಮುಂದೂಡುವ ಭಾಗ ಕಡಮೆಯಾಗುವುದು.

ಅಳತೆಗಳು ಇದನ್ನು ಸ್ಪಷ್ಟಪಡಿಸುತ್ತವೆ. ಅದೇ ವೃತ್ತಿಪರರ ಡ್ರೈವರ್ ಹೊಡೆತದಲ್ಲಿ ಚೆಂಡಿನ ವೇಗ ಕ್ಲಬ್ಬಿನ ತಲೆಯ ವೇಗದ 1.48ರಷ್ಟು. 46 ಡಿಗ್ರಿಗಳ ಆಸುಪಾಸಿನ ಓರೆಯುಳ್ಳ ಪಿಚಿಂಗ್ ವೆಜ್ ಎಂಬ ಕ್ಲಬ್ಬಿನಲ್ಲಿ ಅದು ಕೇವಲ 1.23ರಷ್ಟು. ಅಲ್ಲಿ ಭ್ರಮಣ ನಿಮಿಷಕ್ಕೆ 9,000 ಸುತ್ತುಗಳನ್ನು ಮೀರುತ್ತದೆ. ಆದರೂ ಚೆಂಡು ಹೊರಡುವ ಕೋನ ಸುಮಾರು 24 ಡಿಗ್ರಿಯೇ ಹೊರತು 46 ಅಲ್ಲ. ಎತ್ತರಕ್ಕಾಗಿ ಓರೆಯನ್ನು ಹೆಚ್ಚಿಸಿದರೆ ಅದರ ಬೆಲೆಯನ್ನು ವೇಗದ ರೂಪದಲ್ಲಿ ತೆರಬೇಕು. ಜೊತೆಗೆ ಅತಿಯಾದ ಭ್ರಮಣದಿಂದ ವಾಯುರೋಧವೂ ಏರುತ್ತದೆ. ಚೆಂಡು ಮುಂದೆ ಹೋಗದೆ ಮೇಲೇರಿ, ಬಳಲಿದಂತೆ ಕಡಿದಾಗಿ ಇಳಿದುಬಿಡುತ್ತದೆ.

ಒಬ್ಬನ ಕೋನ ಇನ್ನೊಬ್ಬನಿಗೆ ಸಲ್ಲದು

ಇಷ್ಟನ್ನು ತಿಳಿದ ಮೇಲೆ, ಚಾಂಪಿಯನ್ನರು ಹಿಡಿಯುವ ಕಡಮೆ ಓರೆಯ ಡ್ರೈವರೇ ಎಲ್ಲರಿಗೂ ಉತ್ತಮವೆಂದು ಯಾರಾದರೂ ಭಾವಿಸಬಹುದು. ಸಾಮಾನ್ಯ ಆಟಗಾರರಲ್ಲಿ ಈ ಭಾವನೆ ಇರುವುದೂ ಉಂಟು. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ.

ನಿಧಾನವಾಗಿ ಬೀಸುವ ಆಟಗಾರನೊಬ್ಬನು ಅದೇ ಕ್ಲಬ್ಬಿನಿಂದ ಅದೇ ರೀತಿ ಹೊಡೆದು, ಚೆಂಡಿಗೆ 74.7ಕ್ಕೆ ಬದಲಾಗಿ ಸೆಕೆಂಡಿಗೆ 53 ಮೀಟರ್ ವೇಗ ಕೊಟ್ಟನೆಂದು ಇಟ್ಟುಕೊಳ್ಳಿ. ಎರಡು ವೇಗಗಳ ಪ್ರಮಾಣ ಸುಮಾರು 0.71. ಮುಖದ ಓರೆ ಒಂದೇ ಆದುದರಿಂದ ಭ್ರಮಣವೂ ಅದೇ ಪ್ರಮಾಣದಲ್ಲಿ ತಗ್ಗುವುದು. ಆಗ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 0.71ರ ವರ್ಗ ಸುಮಾರು 0.5. ಚಾಂಪಿಯನ್ನನ ಚೆಂಡಿನಲ್ಲಿ ತೂಕದ ಒಂದೂವರೆಯಷ್ಟಿದ್ದ ಬಲ ಇಲ್ಲಿ ತೂಕದ ಮುಕ್ಕಾಲು ಪಾಲಿಗೆ ಬಂದಿತು. ಆದರೆ ಗುರುತ್ವ ಇಬ್ಬರಿಗೂ ಒಂದೇ. ಅದು ಯಾರಿಗೂ ರಿಯಾಯಿತಿ ತೋರಿಸದು. ಮೊದಲನೆಯವನ ಚೆಂಡನ್ನು ಗಾಳಿ ಎತ್ತಿ ಹಿಡಿದರೆ, ಎರಡನೆಯವನ ಚೆಂಡು ಮೊದಲಿನಿಂದಲೇ ಬಾಗಿ ಬೇಗ ನೆಲ ಮುಟ್ಟುವುದು. ಗಾಳಿ ಕೊಡದೆ ಉಳಿಸಿಕೊಂಡ ಎತ್ತರವನ್ನು ಇವನು ಪ್ರಕ್ಷೇಪಕೋನದಿಂದಲೇ ಪಡೆಯಬೇಕು. ಆದುದರಿಂದ ಇಂಥವರಿಗೆ 14ರಿಂದ 16 ಡಿಗ್ರಿಯ ಕೋನವೂ, ಅದನ್ನು ಕೊಡಬಲ್ಲ ಹೆಚ್ಚು ಓರೆಯ ಡ್ರೈವರೂ ಲಾಭಕರ. ಹೊಡೆತ ಮೆಲ್ಲಗಾದಷ್ಟೂ ಓರೆ ಹೆಚ್ಚಬೇಕು ಎಂಬುದೇ ಈ ವಿಚಾರದ ಸಾರ.

ಓರೆಯನ್ನು ಹೆಚ್ಚಿಸದೆ ಕೋನವನ್ನು ಹೆಚ್ಚಿಸುವ ಉಪಾಯವೂ ಒಂದಿದೆ. ಚೆಂಡು ಟೀಯ ಮೇಲಿರುವುದರಿಂದ, ಕ್ಲಬ್ಬು ತನ್ನ ಬೀಸಿನ ಅತಿ ಕೆಳಗಿನ ಬಿಂದುವನ್ನು ದಾಟಿ ಮೇಲೇರತೊಡಗಿದಾಗ ಚೆಂಡಿಗೆ ತಗುಲುವಂತೆ ಮಾಡಬಹುದು. ಭ್ರಮಣವನ್ನು ನಿರ್ಧರಿಸುವುದು ಮುಖದ ದಿಕ್ಕಿಗೂ ಕ್ಲಬ್ಬು ಚಲಿಸುವ ದಿಕ್ಕಿಗೂ ಇರುವ ಅಂತರ. ಕ್ಲಬ್ಬು ತಾನೇ ಮೇಲ್ಮುಖವಾಗಿ ಚಲಿಸುತ್ತಿದ್ದರೆ ಅಂತರ ಬೆಳೆಯದೆ ಕೋನ ಬೆಳೆಯುತ್ತದೆ, ವೇಗ ನಷ್ಟವಾಗುವುದಿಲ್ಲ. ವೃತ್ತಿಪರ ಪುರುಷರ ಕ್ಲಬ್ಬು ಸರಾಸರಿ ಒಂದು ಡಿಗ್ರಿಯಷ್ಟು ಕೆಳಮುಖವಾಗಿಯೂ, ಅವರಿಗಿಂತ ಕಡಮೆ ವೇಗದಿಂದ ಬೀಸುವ ವೃತ್ತಿಪರ ಮಹಿಳೆಯರ ಕ್ಲಬ್ಬು ಮೂರು ಡಿಗ್ರಿಯಷ್ಟು ಮೇಲ್ಮುಖವಾಗಿಯೂ ಚೆಂಡನ್ನು ಸಂಧಿಸುವುದು ಕಂಡುಬಂದಿದೆ.

ಇನ್ನು ಉಳಿದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ನೆಲ ಒಣಗಿ ಗಟ್ಟಿಯಾಗಿದ್ದರೆ ತಗ್ಗಾಗಿ ಬಂದ ಚೆಂಡು ಬಿದ್ದ ಮೇಲೂ ಬಹುದೂರ ಉರುಳುವುದರಿಂದ ಸ್ವಲ್ಪ ಕಡಮೆ ಕೋನ ಒಳ್ಳೆಯದು. ಎದುರುಗಾಳಿ ಬೀಸುತ್ತಿದ್ದರೆ ಎತ್ತುವ ಬಲವೂ ರೋಧವೂ ಏರುವುದರಿಂದ ಆಗಲೂ ತಗ್ಗಿನ ಹೊಡೆತವೇ ಮೇಲು. 1876ರಲ್ಲಿಯೇ ಗಾಲ್ಫ್ ಕ್ಲಬ್ ಸ್ಥಾಪಿತವಾದ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಸಾಂದ್ರತೆ ಕರಾವಳಿಯದಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ಕಡಮೆ. ಎತ್ತುವ ಬಲವೂ ರೋಧವೂ ಅಷ್ಟೇ ಕುಗ್ಗುತ್ತವೆ. ಆದರೆ ರೋಧ ಕುಗ್ಗಿದ್ದರ ಲಾಭವೇ ದೊಡ್ಡದಾಗಿ, ಚೆಂಡು ತುಸು ಹೆಚ್ಚು ದೂರ ಸಾಗುವುದು.

ಗಾಳಿಯೇ ಇಲ್ಲದ ಕಡೆಯಲ್ಲಿಯೂ ಗಾಲ್ಫ್ ಚೆಂಡನ್ನು ಹೊಡೆದದ್ದುಂಟು. 1971ರ ಫೆಬ್ರವರಿಯಲ್ಲಿ ಅಪೊಲೊ 14ರ ಯಾತ್ರಿಕ ಆಲನ್ ಶೆಪರ್ಡ್, ಮಣ್ಣಿನ ಮಾದರಿಯನ್ನು ಸಂಗ್ರಹಿಸುವ ಸಲಕರಣೆಯ ಹಿಡಿಗೆ ಗಾಲ್ಫ್ ಕ್ಲಬ್ಬಿನ ತಲೆಯನ್ನು ಜೋಡಿಸಿ ಚಂದ್ರನ ಮೇಲೆ ಎರಡು ಚೆಂಡುಗಳನ್ನು ಹೊಡೆದನು. ಬಿಗಿಯಾದ ಉಡುಪಿನಲ್ಲಿ ಒಂದೇ ಕೈಯಿಂದ ಬೀಸಬೇಕಾಗಿದ್ದುದರಿಂದ, ಚಿತ್ರಗಳನ್ನು 2021ರಲ್ಲಿ ಪರಿಶೀಲಿಸಿದಾಗ ತಿಳಿದುಬಂದಂತೆ, ಅವು ಸುಮಾರು 22 ಮತ್ತು 37 ಮೀಟರ್ ಮಾತ್ರ ಹೋಗಿದ್ದವು. ಅಲ್ಲಿ ಭ್ರಮಣದಿಂದ ಪ್ರಯೋಜನವಿಲ್ಲ, ಚೆಂಡಿನ ಗುಳಿಗಳಿಂದಲೂ ಇಲ್ಲ. ಹಾದಿ ನಿಜವಾದ ಪರವಲಯ. ಆದರೂ ಓರೆಯ ಪೆಟ್ಟಿನಿಂದಾಗುವ ವೇಗನಷ್ಟ ಅಲ್ಲಿಯೂ ತಪ್ಪದು. ಚಂದ್ರನ ಮೇಲೆ ಮೊದಲನೆಯ ಷರತ್ತು ಈಡೇರುವುದು, ಎರಡನೆಯದು ಈಡೇರದು. ಆದುದರಿಂದ ಅಲ್ಲಿಯ ಶ್ರೇಷ್ಠ ಕೋನವೂ 45 ಡಿಗ್ರಿಗಿಂತ ಕೆಳಗೇ ಇರಬೇಕು.

ಸೂತ್ರವೊಂದನ್ನು ಕಲಿಯುವಾಗ ಅದರ ಷರತ್ತುಗಳನ್ನೂ ಒಟ್ಟಿಗೆ ಕಲಿಯಬೇಕೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ. ಆಸಕ್ತರಾದ ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ತಾವೇ ಮಾಡಿ ನೋಡಲಿ. ಅಮೆರಿಕದ ವೃತ್ತಿಪರ ಮಹಿಳೆಯರ ಡ್ರೈವರ್ ಹೊಡೆತದಲ್ಲಿ ಚೆಂಡಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 62.6 ಮೀಟರ್, ಕೋನ 13.2 ಡಿಗ್ರಿ, ಚೆಂಡು ಬೀಳುವ ದೂರ ಸುಮಾರು 199 ಮೀಟರ್. ಗಾಳಿಯಿಲ್ಲದಿದ್ದರೆ ಅದು ಎಷ್ಟು ದೂರ ಹೋಗುತ್ತಿತ್ತು? ಬಂದ ಉತ್ತರವನ್ನು ಪುರುಷರ ಲೆಕ್ಕದೊಡನೆ ಹೋಲಿಸಿದರೆ, ವೇಗ ತಗ್ಗಿದಂತೆ ಗಾಳಿಯ ಕೊಡುಗೆಯೂ ಹೇಗೆ ತಗ್ಗುವುದೆಂಬುದು ತಾನಾಗಿ ತಿಳಿಯುವುದು.